ನಂಬಿಕೆ, ವಿಜ್ಞಾನ, ಮನಸ್ಸು: ಸಂಡೇ ಸ್ಕೂಲಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವಾರವಿಡೀ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಸಂಡೇ ಸ್ಕೂಲಿನ ದೊಡ್ಡ ಮಕ್ಕಳ ಕ್ಲಾಸು ನನ್ನದೇ. ಎರಡು ಕಡೆಯೂ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ, ಕೇಳುವ ದನಿ ಮಾತ್ರ ಬೇರೆ. ಶಾಲೆಯಲ್ಲಿ ಕೈ ಎತ್ತಿ ಕೇಳುತ್ತಾರೆ. ಚರ್ಚಿನಲ್ಲಿ ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳುತ್ತಾರೆ. ದೇವರ ಮನೆಯಲ್ಲಿ ಮಕ್ಕಳು ಹೀಗೆ ಹೆದರಿ ಕೇಳಬೇಕಾಯಿತಲ್ಲ ಎಂದು ನನಗೆ ಬೇಜಾರಾಗುತ್ತದೆ. ಇಷ್ಟು ವರ್ಷಗಳಲ್ಲಿ ಮಕ್ಕಳು, ಅವರ ಅಪ್ಪ ಅಮ್ಮ, ಒಮ್ಮೊಮ್ಮೆ ಅಜ್ಜಿಯರೂ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಪ್ರಾಟೆಸ್ಟೆಂಟ್ ಸಭೆಯವಳು. ಕ್ಯಾಥೊಲಿಕರ ವಿಷಯವೂ ತುಂಬ ಬರುತ್ತದೆ, ಯಾಕೆಂದರೆ ಈ ಕಥೆಯಲ್ಲಿ ದೊಡ್ಡ ಪಾಲು ಅವರದ್ದು.

ವಿಜ್ಞಾನ ಓದಿದವರು ದೇವರನ್ನು ಹೇಗೆ ನಂಬುತ್ತಾರೆ?

ಕೇಂಬ್ರಿಜ್‌ನಲ್ಲಿ ಕ್ಯಾವೆಂಡಿಶ್ ಎಂಬ ಪ್ರಯೋಗಾಲಯ ಇದೆ. 1874ರಲ್ಲಿ ಶುರುವಾದದ್ದು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅದರ ಮೊದಲ ಮುಖ್ಯಸ್ಥ. ಬೆಳಕು, ವಿದ್ಯುತ್ತು, ಕಾಂತಶಕ್ತಿ ಮೂರನ್ನೂ ಒಂದೇ ಸೂತ್ರಕ್ಕೆ ತಂದವರು. ಅದರ ಹಳೆಯ ಕಟ್ಟಡದ ದೊಡ್ಡ ಬಾಗಿಲ ಮೇಲೆ ಬೈಬಲಿನ 111ನೆಯ ಕೀರ್ತನೆಯ ಎರಡನೆಯ ವಚನವನ್ನು ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ. ಕರ್ತನ ಕೆಲಸಗಳು ದೊಡ್ಡವು, ಅವುಗಳಲ್ಲಿ ಸಂತೋಷಪಡುವವರು ಅವನ್ನು ಹುಡುಕಿ ನೋಡುತ್ತಾರೆ ಎಂದು ಅದರ ಅರ್ಥ. 1897ರಲ್ಲಿ ಎಲೆಕ್ಟ್ರಾನ್ ಸಿಕ್ಕಿದ್ದು ಅಲ್ಲೇ. 1953ರಲ್ಲಿ ಡಿಎನ್‌ಎಯ ಏಣಿಯಂಥ ರಚನೆ ಬಿಡಿಸಿದ್ದೂ ಅಲ್ಲೇ. ಬಿಡಿಸಿದವರು ನಂಬಿಕೆಯವರಾಗಿರಲಿಲ್ಲ. ಆದರೂ ಆ ವಚನದ ಕೆಳಗೇ ಹಾದು ಒಳಗೆ ಹೋಗುತ್ತಿದ್ದರು.

ನನಗೆ ಈ ಬಾಗಿಲು ತುಂಬ ಇಷ್ಟ. ಮಕ್ಕಳಿಗೆ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ವಿಜ್ಞಾನ ಕೇಳುವುದು ಇದು ಹೇಗೆ ನಡೆಯುತ್ತದೆ ಎಂದು. ನಾನು ಪ್ರಾರ್ಥನೆಗೆ ಕೂತಾಗ ಕೇಳುವುದು ಇದೆಲ್ಲ ಯಾಕಾದರೂ ಇದೆ, ನಾನು ಯಾರಿಗೆ ಸೇರಿದವಳು ಎಂದು. ಚಹಾ ಯಾಕೆ ಕುದಿಯುತ್ತಿದೆ ಎಂದರೆ ಒಲೆಯ ಶಾಖಕ್ಕೆ ಎನ್ನಬಹುದು, ಅತ್ತೆ ಬಂದಿದ್ದಾರೆ ಎಂದೂ ಎನ್ನಬಹುದು. ಎರಡೂ ನಿಜವೇ ಅಲ್ವಾ?

ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಸೃಷ್ಟಿಗೆ ಆರು ದಿನ ಎಂದಿದೆ. ವಿಜ್ಞಾನ ಕೋಟಿಗಟ್ಟಲೆ ವರ್ಷ ಎನ್ನುತ್ತದೆ. ಯಾವುದು ಸರಿ?

ಒಮ್ಮೆ ಸಂಡೇ ಸ್ಕೂಲ್ ಮಕ್ಕಳನ್ನು ಕರೆದುಕೊಂಡು ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವು. ನೋಡಿದವರಿಗೆ ಗೊತ್ತು, ಅಲ್ಲಿ ಕಲ್ಲುಗಳು ಕಂಬ ಕಂಬವಾಗಿ ನಿಂತಿವೆ. ಯಾರೋ ಅಳತೆ ಹಿಡಿದು ಕಡಿದ ಹಾಗೆ ಐದು ಮೂಲೆ, ಆರು ಮೂಲೆ. ಬಿಸಿ ಲಾವಾ ನಿಧಾನವಾಗಿ ಆರುವಾಗ ಕುಗ್ಗಿ ಬಿರುಕು ಬಿಟ್ಟರೆ ಹೀಗಾಗುತ್ತದೆ. ಕೆಸರು ಗದ್ದೆ ಬೇಸಿಗೆಯಲ್ಲಿ ಒಣಗಿ ಬಿರಿಯುವುದಿಲ್ಲವೇ, ಹಾಗೆ. ಮಡಗಾಸ್ಕರ್ ನಮ್ಮಿಂದ ಬೇರೆಯಾಗಿ ಸರಿಯತೊಡಗಿದ ಕಾಲದ ಲಾವಾ ಅದು, ಸುಮಾರು 8.8 ಕೋಟಿ ವರ್ಷ ಹಳೆಯದು. ಏಳನೆಯ ಕ್ಲಾಸಿನ ಹುಡುಗಿ ಒಬ್ಬಳು ಒಂದು ಕಂಬದ ಮೇಲೆ ಕೂತು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ಟೀಚರ್, ಹಾಗಾದ್ರೆ ಆದಿಕಾಂಡ ಸುಳ್ಳಾ?"

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಆದಿಕಾಂಡದ ಮೊದಲ ಅಧ್ಯಾಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ಅದಕ್ಕೊಂದು ತಾಳ ಇದೆ. ಪ್ರತಿ ದಿನದ ಕೊನೆಗೆ ಸಾಯಂಕಾಲವೂ ಪ್ರಾತಃಕಾಲವೂ ಆಯಿತು ಎಂಬ ಪಲ್ಲವಿ ಬರುತ್ತದೆ. ಮೊದಲ ಮೂರು ದಿನ ಜಾಗಗಳು ತಯಾರಾಗುತ್ತವೆ, ಮುಂದಿನ ಮೂರು ದಿನ ಆ ಜಾಗಗಳು ತುಂಬುತ್ತವೆ. ಮೊದಲ ದಿನ ಬೆಳಕು, ನಾಲ್ಕನೆಯ ದಿನ ಸೂರ್ಯ ಚಂದ್ರ. ಎರಡನೆಯ ದಿನ ನೀರು, ಆಕಾಶ. ಐದನೆಯ ದಿನ ಮೀನು, ಹಕ್ಕಿ. ಮೂರನೆಯ ದಿನ ನೆಲ, ಆರನೆಯ ದಿನ ಪ್ರಾಣಿಗಳು, ಮನುಷ್ಯ. ಇದು ಹಾಡಿನ ಕಟ್ಟು. ಸುತ್ತಲಿನ ರಾಜ್ಯಗಳವರು ಸೂರ್ಯನನ್ನೂ ಚಂದ್ರನನ್ನೂ ದೇವರೆಂದು ಪೂಜಿಸುತ್ತಿದ್ದ ಕಾಲದಲ್ಲಿ, ಅವೆರಡೂ ದೇವರು ಹಚ್ಚಿದ ದೀಪಗಳು ಎಂದು ಈ ಹಾಡು ಹೇಳಿತು. ಆಗಿನ ಕಾಲಕ್ಕೆ ಅದು ದೊಡ್ಡ ಮಾತು.

ಇದು ಡಾರ್ವಿನ್‌ಗೆ ಹೆದರಿ ಈಗ ಹುಡುಕಿದ ಉಪಾಯ ಅಲ್ಲ. ಸೂರ್ಯನೇ ಇಲ್ಲದೆ ಮೊದಲ ಮೂರು ದಿನ ಹೇಗಾದವು ಎಂದು ಮೂರನೆಯ ಶತಮಾನದಲ್ಲೇ ಒರಿಜೆನ್ ಎಂಬ ಕ್ರೈಸ್ತ ಪಂಡಿತ ಕೇಳಿದ್ದ. ಐದನೆಯ ಶತಮಾನದ ಆರಂಭದಲ್ಲಿ ಬಿಷಪ್ ಅಗಸ್ಟೀನ್ ಇದರ ಬಗ್ಗೆ ಒಂದು ದೊಡ್ಡ ಗ್ರಂಥವನ್ನೇ ಬರೆದ. ಪ್ರಪಂಚದ ವಿಷಯ ತಿಳಿದವರ ಮುಂದೆ ಕ್ರೈಸ್ತರು ಸತ್ಯವೇದ (ಬೈಬಲ್) ಹಿಡಿದು ಏನೇನೋ ಮಾತಾಡಿದರೆ, ಆಮೇಲೆ ಪುನರುತ್ಥಾನದ ಮಾತನ್ನು ಅವರು ಹೇಗೆ ನಂಬುತ್ತಾರೆ ಎಂದು ಅದರಲ್ಲಿ ಸಂಕಟಪಟ್ಟಿದ್ದಾನೆ.

ಹುಡುಗಿ ಇಷ್ಟೆಲ್ಲ ಕೇಳಿ, "ಹಾಗಾದ್ರೆ ಈ ಕಲ್ಲೂ ದೇವರದ್ದೇ" ಎಂದಳು. ಹೌದು ಎಂದೆ.

ಭೂಮಿಗೆ 6000 ವರ್ಷ ಎಂಬ ಲೆಕ್ಕ ಎಲ್ಲಿಂದ ಬಂತು?

ಸತ್ಯವೇದದಲ್ಲಿ ಆ ಸಂಖ್ಯೆ ಎಲ್ಲೂ ಇಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ ವಂಶಾವಳಿಗಳ ವಯಸ್ಸು ಕೂಡಿಸಿ, ಸೃಷ್ಟಿ ಕ್ರಿಸ್ತಪೂರ್ವ 4004ರಲ್ಲಿ ಆಯಿತು ಎಂದು 1650ರಲ್ಲಿ ಬರೆದರು. ಮುಂದೆ ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ ಆ ವರ್ಷ ಅಚ್ಚಾಗತೊಡಗಿತು. ಅಂಚಿನಲ್ಲಿದ್ದದ್ದನ್ನೂ ಜನ ವಚನದ ಜೊತೆಗೇ ಓದಿಕೊಂಡರು. ಅವರ ಕಾಲಕ್ಕೆ ಅದು ಶ್ರದ್ಧೆಯ ಕೆಲಸ, ಅವರನ್ನು ಹೀಗಳೆಯುವುದು ಬೇಡ. ಭೂಮಿಗೆ ಸುಮಾರು 454 ಕೋಟಿ ವರ್ಷ, ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ಎಂದು ಅಳೆಯುವ ದಾರಿ ಆಗ ಯಾರಿಗೂ ಇರಲಿಲ್ಲ.

ಮಂಗನಿಂದ ಮನುಷ್ಯ ಬಂದ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ನನ್ನ ಮಗ ಅದನ್ನು ಒಪ್ಪಬಹುದಾ?

ವಿಕಾಸವಾದ ಹೇಳುವುದು ಹಾಗಲ್ಲ. ಈಗಿರುವ ಮಂಗ ನಮ್ಮ ತಾತ ಅಲ್ಲ. ಮಂಗಕ್ಕೂ ನಮಗೂ ತುಂಬ ಹಿಂದೆ ಒಂದೇ ಪೂರ್ವಜರಿದ್ದರು ಎಂಬುದು ಮಾತು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ನೆಂಟಸ್ತಿಕೆ ಎಂದುಕೊಳ್ಳಿ.

ಒಪ್ಪಬಹುದು. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಅಮೆರಿಕದಲ್ಲಿ ಅದರ ಪರ ನಿಂತು ಮಾತಾಡಿದ ಮುಖ್ಯ ವಿಜ್ಞಾನಿ ಏಸಾ ಗ್ರೇ, ಹಾರ್ವರ್ಡ್‌ನ ಸಸ್ಯಶಾಸ್ತ್ರಜ್ಞ, ಗಟ್ಟಿ ನಂಬಿಕೆಯ ಕ್ರೈಸ್ತ. ದೇವರನ್ನು ಮನಸಾರೆ ನಂಬುವವನು ವಿಕಾಸವನ್ನೂ ಒಪ್ಪಬಹುದು, ಅದರಲ್ಲಿ ಅನುಮಾನ ಬೇಡ ಎಂದು 1879ರ ಒಂದು ಕಾಗದದಲ್ಲಿ ಡಾರ್ವಿನ್ ಬರೆದಿದ್ದಾನೆ. 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ವಿಕಾಸವಾದ ಈಗ ಬರೀ ಊಹೆಯಾಗಿ ಉಳಿದಿಲ್ಲ ಎಂದರು. ಮನುಷ್ಯನ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಬರಹ ಓದುವ ದೊಡ್ಡ ಯೋಜನೆ 2003ರಲ್ಲಿ ಮುಗಿದಾಗ ಅದರ ಮುಂದಾಳು ಆಗಿದ್ದ ಫ್ರಾನ್ಸಿಸ್ ಕಾಲಿನ್ಸ್ ದೊಡ್ಡವರಾದ ಮೇಲೆ ಕ್ರಿಸ್ತನನ್ನು ನಂಬಿದವರು.

ಇನ್ನೊಂದು ವಿಷಯ. ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತವೆ ಎಂಬ ಬಟಾಣಿ ಗಿಡದ 3:1 ಲೆಕ್ಕವನ್ನು ಎಸ್‌ಎಸ್‌ಎಲ್‌ಸಿಯಲ್ಲಿ ಬರೆದು ಅಂಕ ತೆಗೆದವರು ನೀವೂ ಇರಬಹುದು. ಆ ಲೆಕ್ಕ ಕೊಟ್ಟವರು ಈಗಿನ ಚೆಕ್ ದೇಶದ ಬ್ರನೋ ಊರಿನ ಕ್ಯಾಥೊಲಿಕ್ ಮಠದಲ್ಲಿ ಸನ್ಯಾಸಿಯಾಗಿದ್ದ ಗ್ರೆಗರ್ ಮೆಂಡೆಲ್. ಮಠದ ತೋಟದಲ್ಲಿ ಎಂಟು ವರ್ಷ, ಸುಮಾರು 28,000 ಗಿಡ. 1866ರಲ್ಲಿ ಅಚ್ಚಾಯಿತು, ಯಾರೂ ಅಷ್ಟಾಗಿ ಗಮನಿಸಲಿಲ್ಲ. ಅದರ ಬೆಲೆ ಲೋಕಕ್ಕೆ ತಿಳಿದದ್ದು 1900ರಲ್ಲಿ. ಆಗ ಅವರು ತೀರಿಹೋಗಿ ಹದಿನಾರು ವರ್ಷ. ವಿಕಾಸ ಹೇಗೆ ನಡೆಯುತ್ತದೆ ಎಂದು ಇವತ್ತು ವಿವರಿಸಲು ಆ ಮಠದ ತೋಟದ ಲೆಕ್ಕ ಬೇಕೇ ಬೇಕು.

ಡಾರ್ವಿನ್ ಸ್ವತಃ ನಂಬಿಕೆಯಿಂದ ದೂರ ಸರಿದದ್ದು ನಿಜ. ಆದರೆ ಅದಕ್ಕೆ ಅವನ ಮಗಳು ಆನಿ 1851ರಲ್ಲಿ ಹತ್ತನೆಯ ವಯಸ್ಸಿಗೆ ತೀರಿಕೊಂಡದ್ದೂ ಒಂದು ಕಾರಣ ಎಂದು ಅವನ ಜೀವನ ಬರೆದ ಹಲವರು ಹೇಳುತ್ತಾರೆ. ಅದನ್ನು ಓದಿದ ಮೇಲೆ ನಾನು ಕ್ಲಾಸಿನಲ್ಲಿ ಡಾರ್ವಿನ್ ಹೆಸರು ಹೇಳುವ ರೀತಿಯೇ ಬದಲಾಯಿತು.

ಹಾಗಾದರೆ ಆದಾಮ, ಹವ್ವ?

ಇಲ್ಲಿ ಕ್ರೈಸ್ತರೆಲ್ಲ ಒಂದೇ ಮಾತಿನವರಲ್ಲ. ನಿಜವಾಗಿ ಬಾಳಿದ ಮೊದಲ ಗಂಡ ಹೆಂಡತಿ ಎನ್ನುವವರಿದ್ದಾರೆ. ಆಗಿದ್ದ ಹಲವರಲ್ಲಿ ದೇವರು ಆರಿಸಿಕೊಂಡ ಇಬ್ಬರು ಎನ್ನುವವರಿದ್ದಾರೆ. ಎಲ್ಲ ಮನುಷ್ಯರ ಕಥೆಯನ್ನು ಆ ಇಬ್ಬರಲ್ಲಿ ಹೇಳಿದೆ ಎನ್ನುವವರೂ ಇದ್ದಾರೆ. ನಾನು ಮೂರನೆಯ ಕಡೆಗೆ ವಾಲುತ್ತೇನೆ. ಹೀಬ್ರೂ ಭಾಷೆಯಲ್ಲಿ ಆದಾಮ್ ಎಂದರೆ ಮನುಷ್ಯ, ಅದಾಮಾ ಎಂದರೆ ಮಣ್ಣು. ಮಣ್ಣಿನಿಂದ ಬಂದವನು ಎಂಬುದು ಹೆಸರಲ್ಲೇ ಇದೆ. ನಿಮ್ಮ ಪಾಸ್ಟರ್ ಬೇರೆ ಹೇಳಿದರೆ ಅವರ ಜೊತೆ ಕೂತು ಮಾತಾಡಿ, ನನ್ನ ಮಾತು ಹಿಡಿದು ಜಗಳಕ್ಕೆ ಹೋಗಬೇಡಿ.

ಗೆಲಿಲಿಯೋಗೆ ಚರ್ಚು ಶಿಕ್ಷೆ ಕೊಡಲಿಲ್ಲವೇ?

ಕೊಟ್ಟಿತು. ತಪ್ಪು ಮಾಡಿತು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದನ್ನು ಸಮರ್ಥಿಸಿದ್ದಕ್ಕೆ 1633ರಲ್ಲಿ ವಿಚಾರಣೆ ಮಾಡಿ, ತನ್ನ ಮಾತನ್ನು ತಾನೇ ಅಲ್ಲಗಳೆಯುವಂತೆ ಮಂಡಿಯೂರಿಸಿದರು. 1642ರಲ್ಲಿ ಸಾಯುವವರೆಗೂ ಅವನು ಗೃಹಬಂಧನದಲ್ಲೇ ಇದ್ದ. ತಪ್ಪಾಯಿತು ಎಂದು ಪೋಪ್ ಬಾಯಿಬಿಟ್ಟು ಹೇಳಲು 1992 ಆಗಬೇಕಾಯಿತು. ಇದನ್ನು ಮುಚ್ಚಿಡಬೇಡಿ, ಮಕ್ಕಳಿಗೆ ಹೇಗಿದ್ದರೂ ಗೊತ್ತಾಗುತ್ತದೆ. ನಾವು ಪ್ರಾಟೆಸ್ಟೆಂಟರು ಬೀಗುವಂತೆಯೂ ಇಲ್ಲ. ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರನ ಬಲಗೈಯಂತಿದ್ದ ಮೆಲಂಕ್ತನ್ ಕೂಡ ಭೂಮಿ ಸುತ್ತುತ್ತದೆ ಎಂಬ ಮಾತನ್ನು ಒಪ್ಪಿರಲಿಲ್ಲ.

ಆದರೆ ಗೆಲಿಲಿಯೋ ಕೊನೆಯವರೆಗೂ ನಂಬಿಕೆಯವನೇ. ಅವನ ಮಗಳು ಕನ್ಯಾಸ್ತ್ರೀ. ಅವಳು ಅಪ್ಪನಿಗೆ ಬರೆದ ಪ್ರೀತಿಯ ಕಾಗದಗಳು ಇವತ್ತಿಗೂ ಉಳಿದಿವೆ. ಸತ್ಯವೇದ ಇರುವುದು ಸ್ವರ್ಗಕ್ಕೆ ಹೋಗುವ ದಾರಿ ಹೇಳಲು, ಆಕಾಶ ಹೇಗೆ ತಿರುಗುತ್ತದೆ ಎಂದು ಹೇಳಲು ಅಲ್ಲ ಎಂಬ ಮಾತನ್ನು ಅವನು 1615ರಲ್ಲಿ ಒಂದು ಕಾಗದದಲ್ಲಿ ಎತ್ತಿ ಬರೆದಿದ್ದ. ಅದನ್ನು ಮೊದಲು ಹೇಳಿದವರು ಒಬ್ಬ ಕಾರ್ಡಿನಲ್.

ಬಿಗ್ ಬ್ಯಾಂಗ್ ಎಂದರೆ ದೇವರಿಲ್ಲ ಎಂದಲ್ಲವೇ?

ಆ ವಿಚಾರವನ್ನು ಮುಂದಿಟ್ಟವರೇ ಒಬ್ಬ ಪಾದ್ರಿ. ಬೆಲ್ಜಿಯಂನ ಜಾರ್ಜ್ ಲೆಮೈತ್ರ್ 1923ರಲ್ಲಿ ಗುರುಪಟ್ಟ ಪಡೆದರು. 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದರು. 1931ರಲ್ಲಿ ಎಲ್ಲವೂ ಒಂದು ಆದಿ ಪರಮಾಣುವಿನಿಂದ ಶುರುವಾಯಿತು ಎಂದರು. ನಿಮ್ಮ ಗಣಿತ ಸರಿ, ಆದರೆ ಭೌತವಿಜ್ಞಾನ ಒಪ್ಪುವಂಥದ್ದಲ್ಲ ಎಂದು ಐನ್‌ಸ್ಟೈನ್ ಮೊದಲು ತಳ್ಳಿಹಾಕಿದ್ದರು, ಮುಂದೆ ಮನಸ್ಸು ಬದಲಿಸಿದರು.

ನನಗೆ ಲೆಮೈತ್ರ್ ಬಗ್ಗೆ ಗೌರವ ಜಾಸ್ತಿಯಾದದ್ದು ಇನ್ನೊಂದು ಕಾರಣಕ್ಕೆ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಸಿದ್ಧಾಂತ ಸೃಷ್ಟಿಕರ್ತನ ಕಡೆ ಕೈ ತೋರಿಸುತ್ತಿದೆ ಎಂದು ಸಂತೋಷದಿಂದ ಭಾಷಣ ಮಾಡಿದರು. ಲೆಮೈತ್ರ್‌ಗೆ ಅದು ಸರಿ ಕಾಣಲಿಲ್ಲ. ದೇವರನ್ನು ಒಂದು ಸಿದ್ಧಾಂತದ ಮೇಲೆ ನಿಲ್ಲಿಸಿದರೆ ನಾಳೆ ಆ ಸಿದ್ಧಾಂತ ಬದಲಾದಾಗ ಏನು ಮಾಡುತ್ತೀರಿ? ಅವರು ತಮ್ಮ ವಿಜ್ಞಾನವನ್ನೂ ಪ್ರಾರ್ಥನೆಯನ್ನೂ ಕಲಸಲಿಲ್ಲ, ಎರಡನ್ನೂ ಬಿಡಲೂ ಇಲ್ಲ. ವಿಶ್ವದ ಮೂಲೆಮೂಲೆಯಿಂದಲೂ ಬರುವ, ವಿಶ್ವದ ಆರಂಭಕಾಲದ ಬಿಸಿಯ ಉಳಿಕೆ ಸಿಕ್ಕಿದೆ, ಅಂದರೆ ಅವರ ವಿಚಾರಕ್ಕೆ ಸಾಕ್ಷಿ ಸಿಕ್ಕಿದೆ ಎಂಬ ಸುದ್ದಿ 1966ರಲ್ಲಿ ಅವರು ಸಾಯುವ ಸ್ವಲ್ಪ ಮುಂಚೆ ಕಿವಿಗೆ ಬಿತ್ತು.

ನಾಸಾದವರು ಯೆಹೋಶುವನ ಕಾಲದ ಕಳೆದುಹೋದ ದಿನ ಕಂಡುಹಿಡಿದರು ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ಫಾರ್ವರ್ಡ್ ಮಾಡಲೇ?

ದಯವಿಟ್ಟು ಬೇಡ. ಯೆಹೋಶುವನ ಯುದ್ಧದ ದಿನ ಸೂರ್ಯ ಸುಮಾರು ಒಂದು ದಿನ ನಿಂತ ಎಂದು ಸತ್ಯವೇದದಲ್ಲಿದೆ. ಆ ದಿನ ನಾಸಾದ ಕಂಪ್ಯೂಟರಿಗೆ ಸಿಕ್ಕಿತು ಎಂಬುದು ಹಲವು ದಶಕಗಳಿಂದ ಸುತ್ತುತ್ತಿರುವ ಸುಳ್ಳು. ತಾವು ಇಂಥದ್ದೇನೂ ಮಾಡಿಲ್ಲ ಎಂದು ನಾಸಾದವರೇ ಹೇಳಿದ್ದಾರೆ. ಸ್ವಲ್ಪ ಯೋಚಿಸಿದರೂ ತಿಳಿಯುತ್ತದೆ. ಕಂಪ್ಯೂಟರು ಸೂರ್ಯ ಚಂದ್ರರ ಜಾಗವನ್ನು ಇವತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಬಲ್ಲದು. ನಡುವೆ ಒಂದು ದಿನ ಕಡಿಮೆ ಬಿತ್ತು ಎಂದು ಹೇಳಲು ಆ ಕಾಲದಲ್ಲೇ ಯಾರಾದರೂ ಬರೆದಿಟ್ಟ ಇನ್ನೊಂದು ಲೆಕ್ಕ ಬೇಕಲ್ಲ?

ಇದೇ ಸಾಲಿನ ಇನ್ನೆರಡು ಸಂದೇಶಗಳು ನನಗೆ ವರ್ಷಕ್ಕೆ ನಾಲ್ಕೈದು ಸಲ ಬರುತ್ತವೆ. ಡಾರ್ವಿನ್ ಸಾಯುವ ಹಾಸಿಗೆಯಲ್ಲಿ ಪಶ್ಚಾತ್ತಾಪ ಪಟ್ಟ ಎಂಬುದು ಒಂದು. 1915ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಬಂದ ಕಥೆ ಅದು. ಕೊನೆಗಾಲದಲ್ಲಿ ಅಪ್ಪನ ಬಳಿ ಇದ್ದ ಮಗಳು ಹೆನ್ರಿಯೆಟಾ 1922ರಲ್ಲಿ ಅದನ್ನು ಖಂಡಿಸಿದಳು. ಹುಡುಗ ಐನ್‌ಸ್ಟೈನ್ ಪ್ರೊಫೆಸರನ ಬಾಯಿ ಮುಚ್ಚಿಸಿ ದೇವರಿದ್ದಾನೆ ಎಂದು ತೋರಿಸಿದ ಎಂಬುದು ಇನ್ನೊಂದು. ಅದಕ್ಕೆ ಯಾವ ದಾಖಲೆಯೂ ಇಲ್ಲ. ಐನ್‌ಸ್ಟೈನ್ ನಮ್ಮ ಹಾಗೆ ಪ್ರಾರ್ಥನೆ ಕೇಳುವ ದೇವರನ್ನು ನಂಬಿದವರಲ್ಲ.

ಇದನ್ನು ಕಳಿಸುವವರು ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ. ಆದರೆ ಸುಳ್ಳು ಸಾಕ್ಷಿ ಹೇಳಬಾರದು ಎಂಬ ಆಜ್ಞೆ ದೇವರ ಪರವಾಗಿ ಹೇಳುವ ಸಾಕ್ಷಿಗೂ ಸೇರಿದ್ದು. ಕಾಲೇಜಿಗೆ ಹೋದ ಹುಡುಗ ಗೂಗಲ್ ನೋಡಿ ಇದು ಸುಳ್ಳು ಎಂದು ತಿಳಿದ ದಿನ, ಅದೇ ಗುಂಪಿನಲ್ಲಿ ಬಂದ ಈಸ್ಟರ್ ಸಂದೇಶವನ್ನೂ ಅನುಮಾನದಿಂದ ನೋಡುತ್ತಾನೆ.

ಖಿನ್ನತೆ ಬಂದರೆ ನಂಬಿಕೆ ಕಡಿಮೆಯಾಗಿದೆ ಎಂದೇ?

ಇಲ್ಲ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ಇದರಿಂದ ನಮ್ಮ ಮನೆಯಲ್ಲೇ ಕಷ್ಟ ಆಗಿದೆ.

ಮೊದಲು ಸತ್ಯವೇದ ನೋಡಿ. 1 ಅರಸುಗಳು 19. ಪ್ರವಾದಿ ಎಲೀಯ ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯ ಪಡೆದವನು. ಅದರ ಬೆನ್ನಲ್ಲೇ ಜೀವಭಯದಿಂದ ಓಡುತ್ತಾನೆ, ಅಡವಿಯಲ್ಲಿ ಒಂದು ಗಿಡದ ಅಡಿ ಬಿದ್ದುಕೊಂಡು ಸಾಕು, ನನ್ನ ಪ್ರಾಣ ತೆಗೆದುಬಿಡು ಎನ್ನುತ್ತಾನೆ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಮಲಗಲು ಬಿಟ್ಟರು. ದೂತ ಬಂದು ತಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಎರಡನೆಯ ಸಲ ಎಬ್ಬಿಸಿ, ದಾರಿ ದೂರ ಇದೆ, ತಿನ್ನು ಎಂದ. ದೇವರು ಮಾತಾಡಿದ್ದು ಆಮೇಲೆ, ಅದೂ ಮೆಲ್ಲನೆಯ ಸ್ವರದಲ್ಲಿ. 88ನೆಯ ಕೀರ್ತನೆಯನ್ನೂ ಓದಿ. ಉಳಿದ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ, ಸತ್ಯವೇದದಲ್ಲಿ ಅದಕ್ಕೆ ಜಾಗ ಇದೆ.

ಈಗ ಮನೆಯ ವಿಷಯ. ನನ್ನ ಚಿಕ್ಕಪ್ಪನಿಗೆ ಬೈಪೋಲಾರ್ ಕಾಯಿಲೆ. ಕೆಲವು ತಿಂಗಳು ಹಾಸಿಗೆ ಬಿಟ್ಟು ಏಳುವುದಿಲ್ಲ, ಕೆಲವು ತಿಂಗಳು ನಿದ್ದೆಯೇ ಇಲ್ಲದೆ ಓಡಾಟ. ಲಿಥಿಯಂ ಮಾತ್ರೆ ಶುರುವಾದ ಮೇಲೆ ಆರು ವರ್ಷ ಚೆನ್ನಾಗಿದ್ದರು. ಆಮೇಲೆ ಒಂದು ಉಪವಾಸ ಪ್ರಾರ್ಥನೆ ಕೂಟದಲ್ಲಿ ಯಾರೋ, ಮಾತ್ರೆ ನುಂಗುವುದು ಅಪನಂಬಿಕೆ, ಬಿಟ್ಟುಬಿಡಿ ಎಂದರು. ಬಿಟ್ಟರು. ಮೂರು ವಾರದಲ್ಲಿ ನಿದ್ದೆ ಹೋಯಿತು. ತೆಂಗಿನಕಾಯಿ ಮಾರಿ ಬಂದ ಹಣವನ್ನೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆ ಹಂಚಿದರು. ಕೊನೆಗೆ ಎರಡು ತಿಂಗಳು ಆಸ್ಪತ್ರೆ. ಚಿಕ್ಕಮ್ಮ ಆ ದಿನಗಳಲ್ಲಿ ಅಳಲೂ ಇಲ್ಲ, ಸುಮ್ನೆ ಕೂತಿರುತ್ತಿದ್ದರು.

ಈಗ ಅವರ ಮನೆಗೆ ರಾತ್ರಿ ಒಂಬತ್ತಕ್ಕೆ ಹೋದರೆ ಕಾಣುವುದು ಇಷ್ಟು: ಮೇಜಿನ ಮೇಲೆ ಹಳೆಯ ಸತ್ಯವೇದ. ಅದರ ಪಕ್ಕ ಏಳು ಗೂಡಿನ ಪ್ಲಾಸ್ಟಿಕ್ ಡಬ್ಬಿ, ಸೋಮವಾರದಿಂದ ಭಾನುವಾರದವರೆಗೆ. ಚಿಕ್ಕಮ್ಮ ಒಂದು ಕೀರ್ತನೆ ಓದುತ್ತಾರೆ. ಚಿಕ್ಕಪ್ಪ ಆ ದಿನದ ಗೂಡು ತೆರೆದು ಮಾತ್ರೆ ಅಂಗೈಗೆ ಹಾಕಿಕೊಂಡು ಸ್ತೋತ್ರ ಎಂದು ಹೇಳಿ ನುಂಗುತ್ತಾರೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಲಿಥಿಯಂ ಪ್ರಮಾಣ ಸ್ವಲ್ಪ ಜಾಸ್ತಿಯಾದರೂ ಅಪಾಯ, ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡ, ಥೈರಾಯ್ಡ್‌ಗೂ ತೊಂದರೆ ಆಗಬಹುದು, ಅದಕ್ಕೇ ಆ ಪರೀಕ್ಷೆ ತಪ್ಪಿಸುವಂತಿಲ್ಲ.

ಖಿನ್ನತೆಯ ಮಾತ್ರೆಗಳ ಬಗ್ಗೆ ಒಂದೆರಡು ಮಾತು. ಗುಣ ಕಾಣಲು ಸಾಮಾನ್ಯವಾಗಿ ಕೆಲವು ವಾರ ಬೇಕು, ಎರಡು ದಿನಕ್ಕೇ ಬೇಸರಪಟ್ಟು ಬಿಡಬೇಡಿ. ಗುಣ ಕಂಡಿತು ಎಂದು ನೀವಾಗಿಯೇ ನಿಲ್ಲಿಸಲೂ ಬೇಡಿ. ಥೈರಾಯ್ಡ್ ಕಡಿಮೆಯಾದರೂ ಖಿನ್ನತೆಯ ಹಾಗೇ ಕಾಣಬಹುದು, ಹಾಗಾಗಿ ಡಾಕ್ಟರು ರಕ್ತ ಪರೀಕ್ಷೆ ಬರೆದರೆ ಮಾಡಿಸಿ.

ದೆವ್ವ ಹಿಡಿದಿದೆಯೋ ಕಾಯಿಲೆಯೋ, ಹೇಗೆ ತಿಳಿಯುವುದು?

ಮೊದಲು ಡಾಕ್ಟರ ಬಳಿ ಹೋಗಿ. ಇದು ನಂಬಿಕೆಯಿಲ್ಲದ ಮಾತಲ್ಲ. ಮತ್ತಾಯ 4:24 ನೋಡಿ. ಯೇಸುವಿನ ಬಳಿ ತಂದವರ ಪಟ್ಟಿಯಲ್ಲಿ ದೆವ್ವ ಹಿಡಿದವರು, ಮೂರ್ಛೆ ರೋಗದವರು, ಪಾರ್ಶ್ವವಾಯುವಿನವರು ಎಂದು ಬೇರೆ ಬೇರೆಯಾಗಿಯೇ ಹೇಳಿದೆ. 17ನೆಯ ಅಧ್ಯಾಯದ ಹುಡುಗನ ವಿಷಯದಲ್ಲಿ ಎರಡೂ ಸೇರಿಕೊಂಡು ಬರುತ್ತವೆ, ಅದನ್ನೂ ಒಪ್ಪುತ್ತೇನೆ. ಆದರೆ ಎಲ್ಲ ಕಾಯಿಲೆಯೂ ದೆವ್ವ ಎಂದು ಸುವಾರ್ತೆ ಎಲ್ಲೂ ಹೇಳಿಲ್ಲ.

ನಿನ್ನೆವರೆಗೆ ಚೆನ್ನಾಗಿದ್ದ ಹುಡುಗಿ ಇದ್ದಕ್ಕಿದ್ದಂತೆ ಯಾರದೋ ದನಿಯಲ್ಲಿ ಮಾತಾಡುತ್ತಾಳೆ, ಕಿರುಚುತ್ತಾಳೆ, ಕೈಕಾಲು ವಿಚಿತ್ರವಾಗಿ ಆಡಿಸುತ್ತಾಳೆ ಎಂದುಕೊಳ್ಳಿ. ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳಿನ ಮೇಲೆ ತಿರುಗಿಬಿದ್ದು ಉರಿಯೂತ ಆದಾಗಲೂ ಹೀಗಾಗುತ್ತದೆ. ಅಂಥ ಒಂದು ಕಾಯಿಲೆಯನ್ನು ವೈದ್ಯರು ಸ್ಪಷ್ಟವಾಗಿ ಗುರುತಿಸಿದ್ದೇ 2007ರಲ್ಲಿ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಅಂಥ ಮಗುವನ್ನು ಕೋಣೆಯಲ್ಲಿ ಕೂರಿಸಿ ವಾರಗಟ್ಟಲೆ ದೆವ್ವ ಬಿಡಿಸುತ್ತಾ ಕೂತರೆ ಆ ಸಮಯ ಮತ್ತೆ ಸಿಗುವುದಿಲ್ಲ. ಹೊಡೆಯುವುದು, ಕಟ್ಟಿಹಾಕುವುದು, ಊಟ ಬಿಡಿಸುವುದು ಯಾವ ಕಾರಣಕ್ಕೂ ಕೂಡದು. ಪ್ರಾರ್ಥನೆ ಮಾಡಬೇಕಾ? ಖಂಡಿತ ಮಾಡಿ, ಆಸ್ಪತ್ರೆಯ ಮಂಚದ ಪಕ್ಕ ಕೂತು ಮಾಡಿ.

ಬೆಲ್ಜಿಯಂನಲ್ಲಿ ಗೇಲ್ ಎಂಬ ಊರಿದೆ. ಮಾನಸಿಕ ಕಾಯಿಲೆಯವರ ಪೋಷಕಿ ಎನ್ನುವ ಸಂತ ಡಿಂಫ್ನಾಳ ಗುಡಿಗೆ ಮಧ್ಯಯುಗದಲ್ಲಿ ದೂರದೂರದಿಂದ ರೋಗಿಗಳನ್ನು ತರುತ್ತಿದ್ದರು. ಗುಡಿಯಲ್ಲಿ ಜಾಗ ಸಾಲದೆ ಊರಿನವರು ಅವರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಆ ವಾಡಿಕೆ ಇವತ್ತಿಗೂ ಇದೆ, ಈಗ ಡಾಕ್ಟರು ನರ್ಸುಗಳ ಜೊತೆಗೂಡಿ. ಮನೆಯವರ ಜೊತೆ ಊಟ, ಕೈಲಾದ ಕೆಲಸ, ಸಂಜೆ ಊರಲ್ಲಿ ಓಡಾಟ. ನಮ್ಮ ಸಭೆಯಲ್ಲಿ ಒಬ್ಬ ಸ್ಕಿಜೋಫ್ರೇನಿಯಾ ಇರುವವರು ಆರಾಧನೆಗೆ ಬಂದರೆ ಪಕ್ಕದ ಬೆಂಚು ಖಾಲಿಯಾಗುವುದನ್ನು ನಾನು ಕಂಡಿದ್ದೇನೆ. ಗೇಲ್ ಊರಿನ ವಿಷಯ ಓದಿದಾಗ ನನಗೆ ನೆನಪಾದದ್ದು ಆ ಬೆಂಚು.

ಪಾಸ್ಟರ್ ಇರುವಾಗ ಕೌನ್ಸೆಲರ್ ಯಾಕೆ?

ಹಲ್ಲು ನೋವಿಗೆ ಪಾಸ್ಟರ್ ಬಳಿ ಹೋಗುತ್ತೀರಾ? ಪ್ರಾರ್ಥನೆಗೆ ಹೇಳಿ ಹಲ್ಲಿನ ಡಾಕ್ಟರ ಬಳಿ ಹೋಗುತ್ತೀರಿ. ಇದೂ ಹಾಗೇ. ಒಳ್ಳೆಯ ಪಾಸ್ಟರ್ ತನ್ನ ಕೈಯಲ್ಲಿ ಆಗದ್ದು ಯಾವುದು ಎಂದು ತಿಳಿದು ಮನೋವೈದ್ಯರ ಬಳಿ ಕಳಿಸುತ್ತಾರೆ.

ಮನಃಶಾಸ್ತ್ರ ಎಂದರೆ ಫ್ರಾಯ್ಡ್, ಫ್ರಾಯ್ಡ್ ಎಂದರೆ ನಾಸ್ತಿಕ ಎಂಬ ಹೆದರಿಕೆ ಕೆಲವರಿಗೆ. ಧರ್ಮ ಒಂದು ಭ್ರಮೆ ಎಂದು ಫ್ರಾಯ್ಡ್ 1927ರಲ್ಲಿ ಪುಸ್ತಕ ಬರೆದದ್ದು ನಿಜ. ಆದರೆ ಅವನ ಆಪ್ತ ಗೆಳೆಯರಲ್ಲಿ ಒಬ್ಬ ಜ್ಯೂರಿಚ್‌ನ ಪಾಸ್ಟರ್, ಆಸ್ಕರ್ ಫಿಸ್ಟರ್. ಫಿಸ್ಟರ್ ಮನೋವಿಶ್ಲೇಷಣೆ, ಅಂದರೆ ಮಾತಿನ ಮೂಲಕ ಮನಸ್ಸಿನ ಆಳ ಅರಿಯುವ ಫ್ರಾಯ್ಡ್‌ನ ವಿಧಾನ ಕಲಿತು ಸಭೆಯ ಜನರಿಗೆ ಬಳಸಿದ. ಫ್ರಾಯ್ಡ್ ಪುಸ್ತಕಕ್ಕೆ ಮರುವರ್ಷವೇ ಉತ್ತರವಾಗಿ ಲೇಖನವನ್ನೂ ಬರೆದ. ಗೆಳೆತನ ಮುರಿಯಲಿಲ್ಲ. 1909ರಿಂದ ಫ್ರಾಯ್ಡ್ ಸಾಯುವ ಕಾಲದವರೆಗೂ ಇಬ್ಬರ ನಡುವೆ ಕಾಗದ ಓಡಾಡಿತು.

ಒಂದು ಮಾತು ನಮ್ಮವರಿಗೇ ಹೇಳಬೇಕು. ಪ್ರಾರ್ಥನಾ ವಿಷಯ ಎಂಬ ಹೆಸರಲ್ಲಿ ಇನ್ನೊಬ್ಬರ ಮನಸ್ಸಿನ ಕಷ್ಟವನ್ನು ಕೂಟದಲ್ಲಿ ಬಿಚ್ಚಿಡಬೇಡಿ. "ಇಂಥವರ ಮಗಳಿಗೆ ತಲೆ ಸರಿಯಿಲ್ಲ, ಪ್ರಾರ್ಥಿಸಿರಿ" ಎಂದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಆ ಹುಡುಗಿ ಮತ್ತೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ. ಕೌನ್ಸೆಲರ್ ಹತ್ತಿರ ಹೇಳಿದ್ದು ಸಾಮಾನ್ಯವಾಗಿ ಆ ಕೋಣೆ ದಾಟುವುದಿಲ್ಲ. ಸಭೆಯಲ್ಲೂ ಹಾಗೇ ಆಗಬೇಕು.

ಆತ್ಮಹತ್ಯೆ ಮಾಡಿಕೊಂಡವರಿಗೆ ಚರ್ಚಿನಲ್ಲಿ ಅಂತ್ಯಕ್ರಿಯೆ ಇಲ್ಲವೇ? ಅವರಿಗೆ ರಕ್ಷಣೆ ಇಲ್ಲವೇ?

ಹಿಂದೆ ಹಲವು ಕಡೆ ನಿರಾಕರಿಸುತ್ತಿದ್ದರು. ಕ್ಯಾಥೊಲಿಕರ 1917ರ ನಿಯಮದಲ್ಲಿ ಅದು ಬರಹದಲ್ಲೇ ಇತ್ತು. 1983ರ ಹೊಸ ನಿಯಮಾವಳಿಯಲ್ಲಿ ತೆಗೆದುಹಾಕಿದರು. ತೀವ್ರ ಮಾನಸಿಕ ತೊಂದರೆ, ಭಯ, ನೋವು ಇದ್ದಾಗ ಆ ವ್ಯಕ್ತಿಯ ಹೊಣೆ ಕಡಿಮೆಯಾಗುತ್ತದೆ, ಅವರ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು ಎಂದು ಅವರ ಧರ್ಮೋಪದೇಶದಲ್ಲೇ ಇದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡುತ್ತದೆ, ಶಿಕ್ಷೆ ಬೇಡ, ಆರೈಕೆ ಬೇಕು ಎನ್ನುತ್ತದೆ.

ಸಾವಾಗಲಿ ಜೀವವಾಗಲಿ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂದು ಪೌಲ ರೋಮಾಪುರದವರಿಗೆ ಬರೆದ. ಸಾವಿನ ಬಗೆಗಳಲ್ಲಿ ಇದೊಂದನ್ನು ಬಿಟ್ಟು ಎಂದು ಅವನು ಬರೆಯಲಿಲ್ಲ. ಸಾವಿನ ಮನೆಗೆ ಹೋದಾಗ ಯಾಕೆ ಹೀಗಾಯಿತು ಎಂದು ಕೆದಕಬೇಡಿ. ತಟ್ಟೆಗೆ ಊಟ ಬಡಿಸಿ ಕೊಡಿ, ಹತ್ತಿರ ಕೂತುಕೊಳ್ಳಿ.

ಇದನ್ನು ಓದುತ್ತಿರುವ ನಿಮಗೇ ಬದುಕು ಸಾಕು ಅನ್ನಿಸುತ್ತಿದ್ದರೆ, 14416ಕ್ಕೆ ಈಗಲೇ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆ, ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದ ಮನೆಯವರನ್ನೋ ಗೆಳತಿಯನ್ನೋ ಕರೆದು ಹತ್ತಿರ ಕೂರಿಸಿಕೊಳ್ಳಿ. ಒಬ್ಬರೇ ಇರಬೇಡಿ.

ಪ್ರಾರ್ಥನೆಯಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ವಿಜ್ಞಾನ ಒಪ್ಪಿದೆಯೇ?

ಇಲ್ಲ. 2006ರಲ್ಲಿ ಅಮೆರಿಕದಲ್ಲಿ ಹೃದಯದ ಬೈಪಾಸ್ ಆದ 1802 ರೋಗಿಗಳ ಮೇಲೆ ದೊಡ್ಡ ಅಧ್ಯಯನ ಬಂತು. ನಿಮಗಾಗಿ ಪ್ರಾರ್ಥಿಸಬಹುದು, ಪ್ರಾರ್ಥಿಸದೆಯೂ ಇರಬಹುದು ಎಂದು ಕೇಳಿಸಿಕೊಂಡವರಲ್ಲಿ, ಪ್ರಾರ್ಥನೆ ಸಿಕ್ಕ 52% ಜನರಿಗೆ ಏನಾದರೊಂದು ತೊಡಕು ಕಾಣಿಸಿತು, ಸಿಗದವರಲ್ಲಿ 51%. ಖಂಡಿತ ಪ್ರಾರ್ಥಿಸುತ್ತಾರೆ ಎಂದು ತಿಳಿದಿದ್ದವರಲ್ಲಿ 59%.

ಇದರಿಂದ ನನಗೆ ನಿರಾಸೆ ಆಗಲಿಲ್ಲ. ಪ್ರಾರ್ಥನೆ ಡೋಸ್ ಲೆಕ್ಕದ ಔಷಧಿ ಎಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ, ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಯೇಸುಸ್ವಾಮಿಯೇ ಬೇಡಿಕೊಂಡರೂ ಅದು ತೊಲಗಲಿಲ್ಲ. ಮಗನ ಜ್ವರಕ್ಕೆ ಪ್ರಾರ್ಥಿಸುವ ತಾಯಿ ದೇವರನ್ನು ಪರೀಕ್ಷೆಗೆ ಕೂರಿಸುತ್ತಿಲ್ಲ, ಮಗನನ್ನು ಅವರ ಕೈಗೆ ಕೊಡುತ್ತಿದ್ದಾಳೆ. ಬೆಳಿಗ್ಗೆ ಅದೇ ಮಗನನ್ನು ಎತ್ತಿಕೊಂಡು ಡಾಕ್ಟರ ಬಳಿಗೂ ಓಡುತ್ತಾಳೆ. ಉಡುಪಿಯಲ್ಲಿ ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವುದನ್ನು 1923ರಲ್ಲಿ ಶುರು ಮಾಡಿದವರು ಡಾಕ್ಟರ್ ಇವಾ ಲೊಂಬಾರ್ಡ್. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲೇ ಔಷಧಿ ಕೊಡಲು ಶುರು ಮಾಡಿ, ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿದರು. ಪ್ರಾರ್ಥನೆ ಸಾಕು, ಔಷಧಿ ಬೇಡ ಎಂದು ಅವರು ಅಂದುಕೊಂಡಿದ್ದರೆ ನಮ್ಮ ಕರಾವಳಿಗೆ ಆ ಆಸ್ಪತ್ರೆಗಳೇ ಇರುತ್ತಿರಲಿಲ್ಲ.

ಮೈಂಡ್‌ಫುಲ್‌ನೆಸ್, ಉಸಿರಾಟದ ಅಭ್ಯಾಸ ಮಾಡಬಹುದಾ?

ಉಸಿರು ಗಮನಿಸುವುದಕ್ಕೆ ಹೆದರಬೇಕಾಗಿಲ್ಲ. ಪೂರ್ವದ ಆರ್ಥಡಾಕ್ಸ್ ಕ್ರೈಸ್ತರು ಶತಮಾನಗಳಿಂದ ಯೇಸುವಿನ ಹೆಸರಿನ ಒಂದು ಚಿಕ್ಕ ಪ್ರಾರ್ಥನೆಯನ್ನು ಉಸಿರಿನ ಜೊತೆ ಹೇಳುತ್ತಾ ಬಂದಿದ್ದಾರೆ. ನಿಮ್ಮ ಮನಸ್ಸಾಕ್ಷಿ ಒಪ್ಪದ ಭಾಗ ಇದ್ದರೆ ಬಿಡಿ.

ಚಾಟ್‌ಜಿಪಿಟಿ ಹತ್ತಿರ ಪ್ರಾರ್ಥನೆ ಬರೆಸಬಹುದಾ?

ಯುವಕರು ಈಗ ಕೇಳುತ್ತಿರುವುದು ಇದೇ. ಕೂಟದಲ್ಲಿ ಓದಲು ಮಾದರಿ ಬೇಕಿದ್ದರೆ ಬರೆಸಿ ತಿದ್ದಿಕೊಳ್ಳಿ, ಪ್ರಾರ್ಥನಾ ಪುಸ್ತಕ ನೋಡಿದ ಹಾಗೆ. ನಿಮ್ಮ ಸಂಕಟವನ್ನು ಹೇಳಿಕೊಳ್ಳಲು ಬರೆಸಬೇಡಿ. ತೊದಲಿದರೂ ನಿಮ್ಮದೇ ಮಾತು ಇರಲಿ. ವಚನ ಕೇಳಿದರೆ ಮಾತ್ರ ಸತ್ಯವೇದ ತೆರೆದು ನೋಡಿಕೊಳ್ಳಿ. ಅದು ಒಮ್ಮೊಮ್ಮೆ ಇಲ್ಲದ ವಚನವನ್ನೂ ಅಧ್ಯಾಯದ ಸಂಖ್ಯೆ ಹಾಕಿ ಕೊಡುತ್ತದೆ.

ಬೆಂಗಳೂರಿಗೆ ಓದಲು ಹೋದ ಮಗ ಇನ್ನು ಚರ್ಚಿಗೆ ಬರುವುದಿಲ್ಲ ಎನ್ನುತ್ತಾನೆ. ಏನು ಮಾಡಲಿ?

ಈ ಪ್ರಶ್ನೆ ಕೇಳುವ ಅಮ್ಮಂದಿರ ಕಣ್ಣು ತುಂಬಿರುತ್ತದೆ. ಮೊದಲು ಜಗಳ ನಿಲ್ಲಿಸಿ. ಅವನು ಯಾವ ದೇವರನ್ನು ಬಿಟ್ಟಿದ್ದಾನೆ ಎಂದು ಸಮಾಧಾನವಾಗಿ ಕೇಳಿ. ತಪ್ಪು ಮಾಡಿದರೆ ಹೊಡೆಯಲು ಕಾಯುತ್ತಿರುವ ದೇವರು, ಪ್ರಶ್ನೆ ಕೇಳಿದರೆ ಸಿಟ್ಟಾಗುವ ದೇವರು ಎಂದಾದರೆ, ಅಂಥ ದೇವರನ್ನು ನಾನೂ ನಂಬುವುದಿಲ್ಲ. ನಾನು ಮಾತಾಡಿಸಿದ ಹುಡುಗರಲ್ಲಿ ಡಾರ್ವಿನ್ ಓದಿ ಚರ್ಚು ಬಿಟ್ಟವರು ಕಡಿಮೆ. ಕೇಳಿದಾಗ ಯಾರೋ ಬೈದರು, ನಕ್ಕರು, ಅಪ್ಪ ಅಮ್ಮನಿಗೆ ಚಾಡಿ ಹೇಳಿದರು ಎಂಬ ಕಾರಣವೇ ಜಾಸ್ತಿ.

ಕ್ರಿಸ್ಮಸ್‌ಗೆ ಬಂದಾಗ ಚರ್ಚಿಗೆ ಬಾ ಎಂದು ಒಮ್ಮೆ ಕರೆಯಿರಿ, ಎರಡನೆಯ ಸಲ ಬೇಡ. ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಮಾಡುವಾಗ ಪಕ್ಕ ಕೂರಿಸಿಕೊಳ್ಳಿ. ಕಲ್‌ಕಲ್ ಸುತ್ತುತ್ತಾ ಕೈಗೆ ಕೆಲಸ ಇದ್ದಾಗ ಮಾತು ತಾನಾಗಿ ಬರುತ್ತದೆ.

ಸಂಡೇ ಸ್ಕೂಲಿನಲ್ಲಿ ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ?

ಗೊತ್ತಿಲ್ಲ ಎಂದು ಹೇಳಿ. ನನ್ನ ಬ್ಯಾಗಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮಗುವಿನ ಕೈಯಲ್ಲೇ ಅದರಲ್ಲಿ ಬರೆಸುತ್ತೇನೆ, ಹೆಸರು ಮತ್ತು ತಾರೀಕು ಹಾಕಿಸುತ್ತೇನೆ. ವಾರದಲ್ಲಿ ಓದುತ್ತೇನೆ, ಸಭಾಪಾಲಕರನ್ನೋ ಕಾಲೇಜಿನ ಗೆಳತಿಯನ್ನೋ ಕೇಳುತ್ತೇನೆ. ಮುಂದಿನ ಭಾನುವಾರ ಪಾಠ ಶುರು ಮಾಡುವುದು ಆ ಪುಟದಿಂದ. ಕಳೆದ ವಾರ ಐದನೆಯ ಕ್ಲಾಸಿನ ಹುಡುಗ ಬರೆದದ್ದು: "ನೋಹನ ನಾವೆಯಲ್ಲಿ ಡೈನೋಸಾರ್ ಯಾಕೆ ಇರಲಿಲ್ಲ? ಮೀನುಗಳು ಪ್ರಳಯದಲ್ಲಿ ಸತ್ತವಾ?" ಡೈನೋಸಾರ್ ವಿಷಯ ನನಗೆ ಸುಲಭ, ಅವು ಮನುಷ್ಯ ಬರುವ ಆರು ಕೋಟಿ ವರ್ಷಕ್ಕೂ ಮುಂಚೆಯೇ ಹೋಗಿದ್ದವು. ಮೀನಿನ ಬಗ್ಗೆ ಈ ವಾರ ಯೋಚಿಸುತ್ತಿದ್ದೇನೆ.